ಪೂಜೆಗೆ ಮೊದಲಿನ ಬಾರಿಹಣ್ಣು

ಸಂತೆಕಲ್ಲೂರು
ತಾ. 22-2-2026, ರವಿವಾರ

ನನ್ನ ತಂಗಿಯ ಮಗಳು, ಲಿಂಗಸುಗೂರು ಕಾಲೇಜಿನ ಜಾಣೆ, ಚಿರಂಜೀವಿ ಸುಕನ್ಯಾಳಿಗೆ ನಿನ್ನ ಮಾಮಾ ಬೀರಲಿಂಗನ ಆಶೀರ್ವಾದ. ನಾವೆಲ್ಲ ಇಲ್ಲಿ ಇದ್ದಂತೆ ಇದ್ದೇವೆ. ನೀನು ಹಾಸ್ಟೆಲ್ಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದು ತಿಳಿದುಕೊಂಡಿದ್ದೇನೆ. ಉಣ್ಣದಿದ್ದರೆ ನನ್ನ ತಿಳುವಳಿಕೆಗೆ ಅವಮಾನ.

ಈ ಕಾಗದ ಎಂದೋ ಬರೆಯಬೇಕಾಗಿತ್ತು. ತಡವಾಯಿತು, ಬೇಜಾರಾಗಬೇಡ. ನಿನ್ನಪ್ಪನ ತಾಯಿ, ನಮ್ಮ ಮುದುಕಿ, ತೀರಿಕೊಂಡ ದಿನ ಸಂಜೆ, ನಿಮ್ಮ ಬಂಗಾಲಿ ಕ್ಯಾಂಪಿನ ಬೋರಿಂಗ್ ಹತ್ತಿರ ನೀನು ನನ್ನ ತೋಳು ಹಿಡಿದು ಒಂದು ಮಾತು ಕೇಳಿದೆ. "ಮಾಮಾ, ಠಾಕುಮಾ ಕಡೀಕ ನನ್ನ ಕೇಳಿದ್ಲೇನು?" ನಾನು, "ಮಣ್ಣಿಗೆ ಬಂದ್ರೂ ನಿನಗ ಪರೀಕ್ಷಾದ ಪ್ರಶ್ನಾನ ಏನವಾ," ಎಂದು ನಕ್ಕು ಟಂಟಂ ಚಾಲೂ ಮಾಡಿಬಿಟ್ಟೆ. ನಿನ್ನನ್ನು ಸಿಂಧನೂರು ಬಸ್‌ಸ್ಟ್ಯಾಂಡಿಗೆ ಬಿಡುವ ತನಕ ಇಂಜಿನ್ನಿನ ಸದ್ದಿನಲ್ಲಿ ಇಬ್ಬರೂ ಬಚಾವಾದೆವು. ಆದರೆ ಆ ಪ್ರಶ್ನೆ ನನ್ನ ಗಾಡಿಯಿಂದ ಇಳಿದಿಲ್ಲ. ಮಸ್ಕಿಯಿಂದ ಸಂತೆಕಲ್ಲೂರಿಗೆ ಹೋಗಿ ಬರುವಾಗ ಹಿಂದಿನ ಸೀಟಿನಲ್ಲಿ ಕೂತೇ ಇರುತ್ತದೆ, ಬಾಡಿಗೆಯನ್ನೂ ಕೊಡುವುದಿಲ್ಲ.

ಫೋನ್ ಮಾಡಿದರೆ "ಕ್ಲಾಸಿನಾಗ ಅದೀನಿ ಮಾಮಾ" ಎಂದು ಇಡುತ್ತಿ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಅದೂ ಅಲ್ಲದೆ ನನ್ನ ಅಕ್ಷರ ಎಂಥದೆಂದು ನೀನು ನೋಡಿಯೇ ಇಲ್ಲ. ನಾನು ಏಳನೇ ಇಯತ್ತೆ ಪಾಸಾದಾಗ ನಮ್ಮ ಹೆಡ್‌ಮಾಸ್ತರರು, "ಬೀರ್ಯಾ, ಇನ್ನ ನಾಕ್ ವರ್ಷ ಓದಿದ್ರ ನೀ ತಹಸೀಲ್ದಾರ ಆಕ್ಕಿದ್ದಿ," ಎಂದಿದ್ದರು. ಅವರು ಹೇಳಿದ್ದು ಖರೆಯೇ. ಆದರೆ ಆ ಹೊತ್ತಿಗೆ ನಮ್ಮ ಕುರಿಗಳಿಗೇ ಒಬ್ಬ ತಹಸೀಲ್ದಾರ ಬೇಕಾಗಿದ್ದ.

ಹನ್ನೊಂದರ ಕಾರ್ಯ ಮುಗಿಯಿತು. ನಿನ್ನಪ್ಪ ಬಿಮಲ ತಲೆ ಬೋಳಿಸಿಕೊಂಡು, ಹೊಲಿಗೆ ಇಲ್ಲದ ಬಿಳಿ ಬಟ್ಟೆ ಸುತ್ತಿಕೊಂಡು, ಕೈಯಲ್ಲೊಂದು ಚಾಪೆ ಹಿಡಿದು ಓಡಾಡುತ್ತಿದ್ದ. ಮೀನು ಮಾರುವ ಕಟ್ಟೆಯ ಮೇಲೆ ಅಷ್ಟು ಗದ್ದಲ ಮಾಡುವ ಮನುಷ್ಯ ಅವನೇ ಏನು ಎನ್ನಿಸಿತು. ಸಾವಿನ ಮನೆಗೆ ಬುತ್ತಿ ಒಯ್ಯುವುದು ನಮ್ಮ ಪದ್ಧತಿ. ನಾನು ಜೋಳದ ರೊಟ್ಟಿ, ಎಣ್ಣಿಬದನಿಕಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಕಟ್ಟಿಸಿಕೊಂಡು ಹೋದರೆ ನಿನ್ನಪ್ಪ ಮುಟ್ಟಲಿಲ್ಲ. ತಾನೇ ಬೇಯಿಸಿದ ಅನ್ನಕ್ಕೆ ತುಪ್ಪ ಹಾಕಿಕೊಂಡು ದಿನಕ್ಕೊಂದು ಹೊತ್ತು ತಿನ್ನಬೇಕಂತೆ, ಉಪ್ಪು ಖಾರ ಇಲ್ಲದೆ. "ದಾದಾ, ನೀವು ತಪ್ಪು ತಿಳೀಬ್ಯಾಡ್ರಿ," ಎಂದ. ನಾನು ತಪ್ಪು ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದ ಬೀಗತನದಲ್ಲಿ ನನ್ನ ಬುತ್ತಿ ಹಿಂದೆ ಹೋಗಿದ್ದು ಅದೇ ಮೊದಲು, ಅಷ್ಟೇ. ಹಿಂದೆ ಹೋಯಿತು ಎನ್ನುವುದೂ ಸುಳ್ಳು, ಕ್ಯಾಂಪಿನ ಮಂದಿ ಹಿಂಡಿಯ ಡಬ್ಬಿ ಒರೆಸಿ ಕೊಟ್ಟರು.

ನಿನ್ನ ಅವ್ವ ಗಟ್ಟಿಯಾಗಿದ್ದಾಳೆ. ಕಾರ್ಯದ ಮಾರನೇ ದಿನ ಮೀನಿನ ಊಟ ಮಾಡಿ ಸೂತಕ ಬಿಡಬೇಕಲ್ಲ, ಆ ಮೀನನ್ನು ಅವಳೇ ಕಿವಿರು ಎತ್ತಿ ನೋಡಿ ಆರಿಸಿದಳು. ಕುರುಬರ ಮನೆಯ ಹುಡುಗಿ, ಮೀನಿನ ಮುಖ ನೋಡಿ ವಾಸನೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದವಳು, ಈಗ ಬಂಗಾಲಿಯಲ್ಲಿ ಮೀನಿನವನ ಜೊತೆ ಜಗಳ ಮಾಡುತ್ತಾಳೆ. ಮೀನಿನವನು ಎಂದರೆ ಗಂಡನೇ, ಆದರೂ ಜಗಳ ಜಗಳವೇ.

ಮುದುಕಿ ನಿನಗೆ ಠಾಕುಮಾ, ಬಿಮಲನಿಗೆ ಹಡೆದ ತಾಯಿ. ಆದರೆ ನಿಮ್ಮಿಬ್ಬರಿಗಿಂತ ಮೊದಲಿನಿಂದ ಆಕೆಯನ್ನು ಬಲ್ಲವನು ನಾನು. ಇದು ಬಡಾಯಿ ಅಲ್ಲ. ಏಳು ವರ್ಷದವನಿದ್ದೆ. ಹೊಲದ ಬದುವಿನ ಮೇಲೆ ಕುರಿ ಬಿಟ್ಟುಕೊಂಡು ಕೂತಿದ್ದೆ. ಸಿಂಧನೂರು ಕಡೆಯ ಬಸ್ಸಿನಿಂದ ಒಬ್ಬ ಹೆಂಗಸು ಬಗಲಲ್ಲಿ ಕೂಸು ಎತ್ತಿಕೊಂಡು ಇಳಿದು ಸೀದಾ ನನ್ನ ಹತ್ತಿರ ಬಂದಳು. ಸೀರೆ ಉಟ್ಟ ರೀತಿ ಬೇರೆ, ಕೈಯಲ್ಲಿ ಶಂಖದ ಬಿಳಿ ಬಳೆ. ಬಾಂಗ್ಲಾದಿಂದ ಬಂದವರಿಗೆ ಸರಕಾರ ಕಾಲುವೆಯ ಕಡೆ ಹೊಲ ಕೊಟ್ಟು ಕ್ಯಾಂಪ್ ಹಾಕಿಸಿದೆ ಎಂದು ದೊಡ್ಡವರು ಮಾತಾಡುವುದನ್ನು ಕೇಳಿದ್ದೆ, ಕಣ್ಣಿಂದ ನೋಡಿರಲಿಲ್ಲ. ಆಕೆ ಆಡಿದ ಮಾತು ಒಂದೂ ತಿಳಿಯಲಿಲ್ಲ. ಕೊನೆಗೆ ಎರಡು ಬೆರಳು ಸೇರಿಸಿ ಸಣ್ಣದೊಂದು ಗುಂಡು ಮಾಡಿ ತೋರಿಸಿದಳು, ಆಮೇಲೆ ಕಣ್ಣು ಮುಚ್ಚಿ ಹುಳಿ ತಿಂದವರ ಹಾಗೆ ಮುಖ ಹಿಂಡಿದಳು. ನಾನು ಓಡಿ ಹೋಗಿ ನಮ್ಮವ್ವನನ್ನು ಕರೆತಂದೆ.

ನಮ್ಮವ್ವ ಗಿರಿಯಮ್ಮ ಒಂದೇ ನೋಟಕ್ಕೆ ತಿಳಿದುಕೊಂಡಳು. "ಬಾರಿಹಣ್ಣ ಬೇಕಂತ. ಬಸರಿ ಇರಬೇಕು ಪಾಪ, ಬಯಕಿಗೆ ಬಂದಾಳ," ಎಂದು ಆಕೆಯ ಸೆರಗಿನ ತುಂಬ ಹಣ್ಣು ಹಾಕಿ ಕಳಿಸಿದಳು. ಮರುವರ್ಷ ಅದೇ ಹೊತ್ತಿಗೆ ಮತ್ತೆ ಬಂದಳು. ಅದರ ಮರುವರ್ಷವೂ ಬಂದಳು. "ಈಕಿ ವರ್ಷಾ ಬಸರಿ ಆಕ್ಕಾಳ, ಬಗಲಾಗಿನ ಕೂಸು ಮಾತ್ರ ಅದ ಒಂದ," ಎಂದು ನಮ್ಮವ್ವನಿಗೆ ದೊಡ್ಡ ಚಿಂತೆ ಹತ್ತಿತ್ತು. ನಾಲ್ಕು ಮಾತು ಕನ್ನಡ ಬಂದ ಮೇಲೆ ಮುದುಕಿಯೇ ಹೇಳಿದಳು. ಬಯಕೆ ಆಕೆಯದಲ್ಲ, ಸರಸ್ವತಿಯದು. ಮಾಘ ಮಾಸದ ಪೂಜೆಗೆ ಬಾರಿಹಣ್ಣು ಇಡದಿದ್ದರೆ ಆಗುವುದಿಲ್ಲ. ಕ್ಯಾಂಪಿನ ಸುತ್ತ ಎತ್ತ ನೋಡಿದರೂ ಭತ್ತದ ಗದ್ದೆ, ಬಾರಿಗಿಡ ಎಲ್ಲಿಂದ ಬರಬೇಕು. ಒಣಭೂಮಿಯ ನಮ್ಮೂರಲ್ಲಿ ಮುಳ್ಳುಕಂಟಿಗೇನು ಕಡಿಮೆ.

ಆಕೆಯ ಬಗಲಲ್ಲಿದ್ದ ಕೂಸೇ ನಿನ್ನಪ್ಪ. ವರ್ಷಾ ಬಾರಿಹಣ್ಣಿಗೆ ಬರುತ್ತ ಬರುತ್ತ ದೊಡ್ಡವನಾಗಿ ಒಂದು ವರ್ಷ ನಮ್ಮ ಜ್ಯೋತಿಯನ್ನೂ, ನಿನ್ನ ಅವ್ವನನ್ನು, ಒಯ್ದ. ನಮ್ಮ ಮಂದಿ ಕುಣಿದಾಡಿದರು. ನಾನು ಅವರಿಗೆ ಅಡ್ಡ ನಿಂತೆ. "ಐವತ್ತು ಸೇರು ಹಣ್ಣು ಪುಕಟ ಕೊಟ್ಟೀವಿ, ಗಿಡಾನೂ ಕೊಟ್ಟ ಬಿಡೂಣು," ಎಂದೆ. ನಾನಿಲ್ಲದಿದ್ದರೆ ನೀನಿಲ್ಲ, ಇದನ್ನು ಎಲ್ಲಾದರೂ ಬರೆದಿಟ್ಟುಕೋ. ನೀನು ಹುಟ್ಟಿದಾಗ ಎರಡೂ ಬಾಯಿಗೆ ಒಗ್ಗುವ ಹೆಸರು ಬೇಕೆಂದು ಹುಡುಕಿ ಸುಕನ್ಯಾ ಎಂದಿಟ್ಟರು. ಮುದುಕಿ ಅದನ್ನು ಒಂದು ದಿನವೂ ಕರೆಯಲಿಲ್ಲ. ಆಕೆಗೆ ನೀನು ಟುನಿ, ಗುಬ್ಬಿಗಿಂತ ಸಣ್ಣ ಯಾವುದೋ ಹಕ್ಕಿಯಂತೆ. ಮಾಮಾ ಎನ್ನುವ ಒಂದು ಮಾತು ಮಾತ್ರ ಎರಡೂ ಕಡೆ ಒಂದೇ, ಅದಕ್ಕೇ ನಾನು ಯಾವ ಕಡೆಯೂ ಸೋಲಲಿಲ್ಲ.

ಅಂದಿನಿಂದ ಪೂಜೆಯ ಹಿಂದಿನ ದಿನ ಕ್ಯಾಂಪಿಗೆ ಹಣ್ಣಿನ ಚೀಲ ಮುಟ್ಟಿಸುವುದು ನನ್ನ ಕೆಲಸ. ಸಂತೆಕಲ್ಲೂರಿನ ಹಣ್ಣು ಬರದೆ ನಿಮ್ಮ ಸರಸ್ವತಿ ಯಾರಿಗೂ ವಿದ್ಯೆ ಕೊಡುವುದಿಲ್ಲ ಎಂದು ಮಸ್ಕಿಯ ಸಂತೆಯ ತುಂಬ ಹೇಳಿಕೊಂಡು ಬಂದವನು ನಾನು. ಓದುವ ಮಕ್ಕಳು ಪೂಜೆಗೆ ಮೊದಲು ಆ ವರ್ಷದ ಬಾರಿಹಣ್ಣು ಬಾಯಿಗೆ ಇಡಬಾರದು, ಇಟ್ಟರೆ ತಾಯಿ ಮುನಿಸಿಕೊಳ್ಳುತ್ತಾಳೆ. ಪೂಜೆಯಾದ ಮೇಲೆ ಮುದುಕಿ ಮೊದಲ ಹಣ್ಣು ನಿನ್ನ ಬಾಯಿಗೆ ಇಟ್ಟು, ತಲೆಯ ಮೇಲೆ ಕೈ ಇಟ್ಟು ಏನೋ ಮಣಮಣ ಹೇಳಿ, ಪುಸ್ತಕ ಕೈಗೆ ಕೊಡುತ್ತಿದ್ದಳು. ನಮ್ಮ ಕಡೆ ಬಾರಿಹಣ್ಣಿಗೆ ಯಾವ ನೇಮವೂ ಇಲ್ಲ. ಕುರಿ ತಿನ್ನುತ್ತದೆ, ಹುಡುಗರು ತಿನ್ನುತ್ತಾರೆ, ಮೊದಲು ಬಂದವರದು. ನೀನು ನಮ್ಮೂರಿಗೆ ಬಂದಾಗ ನನ್ನ ಮಕ್ಕಳು ಬಾಯಿ ಹುಳಿಯಾಗುವ ತನಕ ತಿಂದರೆ ನೀನು ಆರಿಸಿ ಆರಿಸಿ ಫ್ರಾಕಿನ ಕಿಸೆಗೆ ಹಾಕಿಕೊಳ್ಳುತ್ತಿದ್ದೆ. ಕಿಸೆಯಲ್ಲೇ ಒಣಗಿದರೂ ಒಂದೂ ಬಾಯಿಗೆ ಹೋಗುತ್ತಿರಲಿಲ್ಲ. "ತಿನ್ನಲೇ, ಯಾರ ನೋಡತಾರ," ಎಂದು ನಾನು ಎಷ್ಟು ಆಸೆ ಹಚ್ಚಿದ್ದೇನೆ. ಬಾಯಲ್ಲಿ ನೀರು ಬಂದರೂ ತುಟಿ ಬಿಚ್ಚುತ್ತಿರಲಿಲ್ಲ, ಗಟ್ಟಿ ಹುಡುಗಿ.

ಹೋದ ವರ್ಷ ಹಾಸ್ಟೆಲ್ಲಿನ ಮಾಳಿಗೆಯ ಮೇಲೆ ಆದದ್ದನ್ನು ನಿನ್ನ ಅವ್ವ ನನಗೆ ಹೇಳಿದ್ದಾಳೆ. ಹುಡುಗಿಯರು ಉಪ್ಪು ಖಾರ ಹಚ್ಚಿ ಬಾರಿಹಣ್ಣು ತಿನ್ನುತ್ತಿದ್ದರಂತೆ. ನಿನಗೂ ಕೊಟ್ಟರಂತೆ. ನೀನು, "ನಾವು ಪೂಜಾಕ್ಕಿಂತ ಮೊದಲ ತಿನ್ನಂಗಿಲ್ಲ," ಎಂದೆ. "ನಾವು ಅಂದ್ರ ಯಾರು?" ಎಂದು ಒಬ್ಬಳು ಕೇಳಿದಳು. ಅಷ್ಟೇ. ಅದರ ಮುಂದೆ ಕ್ಯಾಂಪಿನಾಕಿ, ಬಾಂಗ್ಲಾದಾಕಿ, ಯಾವಾಗ ವಾಪಸ್ ಹೋಗ್ತೀರಿ, ಎಲ್ಲ ನಗುನಗುತ್ತಲೇ. ನಗುತ್ತ ಚುಚ್ಚಿದ್ದಕ್ಕೆ ತಿರುಗಿ ಬಯ್ಯಲೂ ಬರುವುದಿಲ್ಲ. ನನಗೆ ಗೊತ್ತು, ಜೀವಮಾನವೆಲ್ಲ ನಾನೂ ನಗುತ್ತಲೇ ಚುಚ್ಚಿದವನು.

ಆಮೇಲೆ ನಿನ್ನ ಊರು ಯಾವುದು ಎಂದರೆ ಸಂತೆಕಲ್ಲೂರು ಎನ್ನತೊಡಗಿದೆ. ಸುದ್ದಿ ತಿಳಿದು ನನಗೆ ಹೆಮ್ಮೆಯಾಗಿ ಟಂಟಂನಲ್ಲಿ ಕೂತವರಿಗೆಲ್ಲ ಹೇಳಿದೆ. ಮರುದಿನ ಕ್ಯಾಂಪಿಗೆ ಹೋಗಿ ನಿನ್ನಪ್ಪನ ಮುಖ ನೋಡಿದ ಮೇಲೆ ಹೇಳುವುದನ್ನು ಬಿಟ್ಟೆ.

ದೀಪಾವಳಿಗೆ ಬಂದಾಗ ಮುದುಕಿ ಬಂಗಾಲಿಯಲ್ಲಿ ಕೇಳಿದ್ದಕ್ಕೆಲ್ಲ ನೀನು ಕನ್ನಡದಲ್ಲಿ ಉತ್ತರ ಕೊಟ್ಟೆ. ಮೊದಲು ಎರಡೂ ಕಲಸಿ ಆಡುತ್ತಿದ್ದೆ, ಬಂಗಾಲಿಯಲ್ಲಿ ಹೊರಟ ಮಾತು ಕನ್ನಡದಲ್ಲಿ ಹೋಗಿ ಮುಟ್ಟುತ್ತಿತ್ತು. ಈ ಸಲ ಒಂದು ತುಣುಕೂ ಇಲ್ಲ. ಹಾಸ್ಟೆಲ್ಲಿಗೆ ಫೋನ್ ಮಾಡಿದರೂ, "ಬಂಗಾಲಿ ಬ್ಯಾಡವಾ, ರೂಮಿನಾಗ ಮಂದಿ ಅದಾರ," ಎನ್ನುತ್ತಿದ್ದೆಯಂತೆ. ಮುದುಕಿಯ ಸಂತೆಗನ್ನಡ ಫೋನಿನಲ್ಲಿ ಎಷ್ಟು ದೂರ ಹೋದೀತು. ಆಕೆಗೆ ಗಂಡಸು, ಹೆಂಗಸು, ಎಮ್ಮೆ, ಎಲ್ಲ ಒಂದೇ. "ಬೀರ ಬಂತು, ಚಾ ಕುಡೀತೈತಿ?" ಎಂದು ಐವತ್ತು ವರ್ಷ ನನ್ನನ್ನು ಎಮ್ಮೆಯ ಸಾಲಿಗೆ ಸೇರಿಸಿದವಳು.

ನಾನು ಬಯ್ಯಬೇಕೆಂದು ನಿನ್ನನ್ನು ಕಾಲುವೆಯ ದಂಡೆಗೆ ಕರೆದೊಯ್ದೆ. ನೀನೇ ನನ್ನನ್ನು ಕೂಡಿಸಿ ಹೇಳಿದೆ. "ಮಾಮಾ, ನಾ ಕನ್ನಡದಾಗ ಫಸ್ಟ್ ಬಂದ್ರ 'ಎಷ್ಟ ಚಲೋ ಕಲ್ತೀಯಲ್ಲ' ಅಂತಾರ. ಕಲ್ತದ್ದಲ್ಲ ಅದು, ನನ್ನ ಅವ್ವನ ಮಾತು. ಇಲ್ಲಿ ಕ್ಯಾಂಪಿನಾಗ ಬಂಗಾಲಿ ಆಡಿದ್ರ 'ನಿಂದು ಅರ್ಧ' ಅಂತ ಇವರೂ ನಗ್ತಾರ. ಒಂದು ಕಡಿನರ ಪೂರಾ ಇರಬೇಕು ಅನ್ನಸತೈತಿ ನನಗ." ನಾನು ಜಾಣತನ ಮಾಡಿ, ಬಳ್ಳಾರಿ ಕುರಿಗೆ ಬೇರೆ ಸೀಮೆಯ ಟಗರು ಬಿಟ್ಟರೆ ಹುಟ್ಟಿದ ಮರಿಯನ್ನು ಹಿಂಡಿನಲ್ಲಿ ಯಾರೂ ನೀನ್ಯಾರು ಎನ್ನುವುದಿಲ್ಲ ಎಂದೆ. "ಮಾಮಾ, ನಾ ಕುರಿ ಅಲ್ಲ," ಎಂದು ಎದ್ದು ಹೋದೆ. ನನ್ನ ಮಾತು ಅಷ್ಟು ಕೆಟ್ಟದ್ದೇನಿರಲಿಲ್ಲ, ಆದರೆ ಕುರಿ ಕಾಯ್ದವನಿಗೆ ಬೇರೆ ಉದಾಹರಣೆ ಎಲ್ಲಿಂದ ಹೊಳೆಯಬೇಕು.

ಡಿಸೆಂಬರಿನಲ್ಲಿ ನಿನ್ನ ಸ್ಟೇಟಸ್ ಬಂತು. ಅದೇ ಮಾಳಿಗೆ, ಅದೇ ಹುಡುಗಿಯರು, ನಡುವೆ ನೀನು, ಕೆನ್ನೆ ಉಬ್ಬುವಷ್ಟು ಬಾಯಿ ತುಂಬ ಬಾರಿಹಣ್ಣು. ನಗುತ್ತಿದ್ದೆ. ಚಂದ ಕಾಣುತ್ತಿದ್ದೆ, ಸುಳ್ಳೇಕೆ ಹೇಳಲಿ. ಕ್ಯಾಂಪಿನ ಹೆಂಗಸರ ಫೋನಿಗೆ ಬಂದದ್ದು ಮುದುಕಿಯ ಕಿವಿಗೆ ಬರದೆ ಇದ್ದೀತೇ. ಬಾಗಿಲಲ್ಲಿ ಬಿದ್ದು ಟೊಂಕ ಮುರಿದುಕೊಂಡು ಆಗಲೇ ಹಾಸಿಗೆ ಹಿಡಿದಿದ್ದಳು. ನಾಲ್ಕು ಜನ ಬಂದು ಸುತ್ತ ಕೂತು ಲೊಚಗುಟ್ಟಿದರು. ಮುದುಕಿ ಅವರಿಗೆ ಬಂಗಾಲಿಯಲ್ಲಿ ಏನೋ ಹೇಳಿದಳು, ಅವರು ಸೆರಗು ಜಾಡಿಸಿ ಎದ್ದು ಹೋದರು. ನಿನ್ನ ಅವ್ವ ನನಗೆ ಅರ್ಥ ಹೇಳಿದಳು. "ಆ ಹುಡುಗಿಯ ಅರ್ಧ ಬಾಯಿ ಅವಳ ಮಾಮನ ಊರಿನದು. ಆ ಊರಿಗೆ ಈ ನೇಮ ಇಲ್ಲ. ಅವಳು ಆ ಅರ್ಧದಿಂದ ತಿಂದಿದ್ದಾಳೆ, ನಿಮಗೇನು," ಎಂದಳಂತೆ. ನಮ್ಮೂರಿನ ವಕೀಲಿಯನ್ನು ನನಗಿಂತ ಜೋರಾಗಿ ಮಾಡಿದವರು ಯಾರೂ ಇರಲಿಲ್ಲ, ಅವತ್ತು ಸೋತೆ.

ಪೂಜೆಗೆ ನೀನು ಬರಲಿಲ್ಲ. ಪರೀಕ್ಷೆ ಇದೆ ಎಂದೆ, ಇದ್ದೀತು. ಪೂಜೆ ಚೆನ್ನಾಗಿಯೇ ಆಯಿತು. ಹಣ್ಣು ಈ ಸಲ ಸಣ್ಣ, ಆದರೆ ಸಿಹಿ. ಆಮೇಲೆ ಮುದುಕಿ ಬಹಳ ದಿನ ಉಳಿಯಲಿಲ್ಲ. ಮಣ್ಣಿನ ದಿನ ನೀನು ಎಲ್ಲರೊಡನೆ ಕನ್ನಡದಲ್ಲೇ ಮಾತಾಡಿದೆ, ನಿನ್ನಪ್ಪನೊಡನೆಯೂ. ಅವನು ಹೂಂ ಹೂಂ ಎಂದ. ನಿನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ ಎಂದು ಮಂದಿ ಆಡಿಕೊಂಡರು. ಬೋರಿಂಗ್ ಹತ್ತಿರ ನನ್ನ ತೋಳು ಹಿಡಿದ ನಿನ್ನ ಕೈ ಅವರು ಯಾರೂ ಹಿಡಿದು ನೋಡಿರಲಿಲ್ಲ. ಮೂರನೇ ಓಣಿಯ ಝರ್ನಾ, ನಿನಗಿಂತ ಎರಡು ವರ್ಷ ಸಣ್ಣವಳು, ಸಿಂಧನೂರಲ್ಲಿ ಪಿಯುಸಿ ಓದುವವಳು, ನಿನ್ನನ್ನು ತಬ್ಬಿಕೊಂಡು ಎಲ್ಲರಿಗಿಂತ ಜಾಸ್ತಿ ಅತ್ತಳಲ್ಲ, "ದೀದಿ, ನಂದ ತಪ್ಪು" ಎಂದಳಲ್ಲ, ಅವಳಿಗೇನಾಗಿದೆ ಎಂದು ನೀನು ಕೇಳಿದೆ. ಅದಕ್ಕೂ ನಾನು ಗಾಡಿಯ ಹಾರ್ನ್ ಒತ್ತಿದೆ.

ಇರಲಿ. ಸಾಕು ಈ ದುಃಖದ ಮಾತು. ಚೆನ್ನಾಗಿ ಓದು. ಯಾರಾದರೂ ನಿನ್ನನ್ನು ಯಾರು ಎಂದರೆ ಬೀರಲಿಂಗನ ತಂಗಿಯ ಮಗಳು ಎಂದು ಹೇಳು, ಮಸ್ಕಿಯಲ್ಲಿ ಅದಕ್ಕಿಂತ ದೊಡ್ಡ ವಿಳಾಸವಿಲ್ಲ. ಬಿಮಲನ ಮಗಳು ಎಂದು ಹೇಳಿದರೆ ನನಗೆ ಇನ್ನೂ ಸಂತೋಷ. ನಮ್ಮ ಬೀರದೇವರೂ ನಿಮ್ಮ ಸರಸ್ವತಿಯೂ ನಿನ್ನನ್ನು ಎರಡು ಕಡೆಯಿಂದ ಕಾಯಲಿ. ಬದುವಿನ ಬಾರಿಗಿಡ ಎಲ್ಲಿಗೂ ಹೋಗಿಲ್ಲ, ಬಿಡುವಾದಾಗ ಬಾ.

ನಿನ್ನ ಮಾಮಾ
ಬೀರಲಿಂಗ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. 

ಕೇಳಿದಳು ಮಗಳೇ. ದಿನಾಲು ಕೇಳಿದಳು. ಬಾಗಿಲಲ್ಲಿ ನೆರಳು ಬಿದ್ದರೆ "ಟುನಿ ಬಂತು?" ಎನ್ನುತ್ತಿದ್ದಳು. ಪೂಜೆಯ ದಿನ ನಾನು ರಸ್ತೆಗೆ ಹೋಗಿ ಲಿಂಗಸುಗೂರು ಬಸ್ಸು ಕಾದೆ. ನೀನು ಇಳಿಯಲಿಲ್ಲ. ಒಳಗೆ ಮುದುಕಿ ಹಣ್ಣಿನ ತಟ್ಟೆ ಎದೆಯ ಮೇಲೆ ಇಟ್ಟುಕೊಂಡು ಮಲಗಿದ್ದಳು, ಯಾರಿಗೂ ಮುಟ್ಟಗೊಡಲಿಲ್ಲ. ಆಗ ನನಗೊಂದು ಕಿತಾಪತಿ ಹೊಳೆಯಿತು. ಮುದುಕಿಯ ಕಣ್ಣಲ್ಲಿ ಪೊರೆ ಬಂದಿತ್ತು, ಮುಖ ಕಾಣುತ್ತಿರಲಿಲ್ಲ. ಝರ್ನಾಳನ್ನು ಹಿತ್ತಲಿಗೆ ಕರೆದೆ. "ಬ್ಯಾಡ ಮಾಮಾ, ಪಾಪ ಹತ್ತತೈತಿ," ಎಂದಳು. "ಪಾಪ ನನ್ನ ಹೆಸರಿಗಿರಲಿ. ನೀ ಬರೇ ಬಾಜೂಕ ಕುಂದ್ರು," ಎಂದು ನಿನ್ನ ಹಳದಿ ಓಢಣಿ ಹೊದಿಸಿ ಒಳಗೆ ಕಳಿಸಿದೆ.

ಎಷ್ಟು ಹೊತ್ತು ಮಾತಾಡಿದರು. ಮುದುಕಿ ಹಾಸ್ಟೆಲ್ ಊಟ ಕೇಳಿದಳಂತೆ, ಓದು ಕೇಳಿದಳಂತೆ. ಆ ಹುಡುಗಿ ನೀರು ಹರಿದ ಹಾಗೆ ಬಂಗಾಲಿಯಲ್ಲಿ ಎಲ್ಲಕ್ಕೂ ಹೇಳಿದಳು. ಮುದುಕಿ ಹಣ್ಣು ಬಾಯಿಗೆ ಇಟ್ಟು, ತಲೆಯ ಮೇಲೆ ಕೈ ಇಟ್ಟು, ಪ್ರತಿ ವರ್ಷಕ್ಕಿಂತ ಉದ್ದಕ್ಕೆ ಏನೋ ಹೇಳಿದಳು. ನಾನು ಅಂಗಳಕ್ಕೆ ಬಂದು ನಿನ್ನ ಅವ್ವನಿಗೆ ಮೀಸೆ ತಿರುವಿ ತೋರಿಸಿದೆ.

ಝರ್ನಾ ಕಣ್ಣು ಒರೆಸಿಕೊಂಡು ಓಡಿದ ಮೇಲೆ ತಟ್ಟೆ ತೆಗೆಯಲು ಒಳಗೆ ಹೋದೆ.

"ಬೀರ," ಎಂದಳು ಮುದುಕಿ, ಕನ್ನಡದಲ್ಲಿ. "ಆ ಹುಡುಗಿ ಯಾರ ಮಗಳು?"

"ಅದೇನ್ರಿ ಯವ್ವಾ, ನಿಮ್ಮ ಟುನೀನ ಅಲ್ಲೇನ್ರಿ."

"ಟುನಿ ಅಷ್ಟು ಚಂದ ಬಂಗಾಲಿ ಮಾತಾಡೋದಿಲ್ಲ. ನಾಕು ಮಾತಿಗೆ ಒಂದು ಸಲ ಅವ್ವನ ಕಡೆ ಜಾರತೈತಿ. ಇದು ಒಂದು ಸಲನೂ ಜಾರಲಿಲ್ಲ."

ತೆಗೆದ ತಟ್ಟೆ ಕೆಳಗಿಟ್ಟೆ. "ಮತ್ತ ಹಣ್ಣ ಯಾಕ ಕೊಟ್ರಿ?" ಎಂದೆ.

"ಓದೋ ಹುಡುಗಿ. ಬಾಯಿ ತೆಗೆದು ಕೂತಿತ್ತು. ಇಲ್ಲ ಅನ್ನಬಾರದು."

"ಹಂಗಾರ ಟುನಿಗೆ ಒಂದು ತೆಗದ ಇಡ್ಲೇನ್ರಿ? ನಾನ ಲಿಂಗಸುಗೂರಿಗೆ ಒಯ್ದು ಕೊಟ್ಟ ಬರ್ತೀನಿ."

"ಬ್ಯಾಡ," ಎಂದಳು. "ಟುನಿ ಆಗಲೇ ತಿಂದೈತಿ."

ಸಿಟ್ಟಿನಿಂದ ಅಂದಳೇ ಎಂದು ನೀನು ಕೇಳುತ್ತಿ. ಅದಕ್ಕೇ ನಾನು ಬಗ್ಗಿ ಆಕೆಯ ಮುಖ ನೋಡಿದೆ. ಸಂಜೆ ಹೊತ್ತು ಯಾರಾದರೂ ಬಂದು ಮಗು ಉಂಡಿತೇ ಎಂದು ಕೇಳಿದಾಗ, ಹೂಂ, ಉಂಡಿತು ಎಂದು ಹೇಳುವ ಮುದುಕಿಯರ ಮುಖ ಹೇಗಿರುತ್ತದೋ, ಹಾಗೇ ಇತ್ತು.